‘ದೈಜೋಬು’ ಎಂದವರ ಕೈ ನೋಡು

ಮಗಳೇ, ವೃದ್ಧರ ಆರೈಕೆಯ ಕೆಲಸಕ್ಕೆ ಜಪಾನಿಗೆ ಹೊರಟಿದ್ದೀಯ. 2021ರ ಜನವರಿಯಲ್ಲಿ ಎರಡು ದೇಶಗಳು ಮಾಡಿಕೊಂಡ ಒಪ್ಪಂದ ತೆರೆದ ದಾರಿ ಇದು. ಡೊಂಬಿವಲಿಯ ನಮ್ಮ ಕಟ್ಟಡದಿಂದ ಅದನ್ನು ಹಿಡಿದವಳು ನೀನೇ ಮೊದಲು. ನಿನ್ನ ನೋಟ್‌ಬುಕ್ಕಿನಲ್ಲಿ ‘ದೈಜೋಬು’ ಪದದ ಮುಂದೆ ‘ಪರವಾಗಿಲ್ಲ’ ಎಂದು ಬರೆದುಕೊಂಡದ್ದು ಕಂಡೆ. ಸರಿಯಾಗಿಯೇ ಬರೆದಿದ್ದೀ.

ಆದರೆ ನಮ್ಮ ಪರವಾಗಿಲ್ಲಕ್ಕೇ ಎಷ್ಟು ಮುಖ, ನೋಡು. ಲೋಕಲ್ ರೈಲಿನಲ್ಲಿ ಕಾಲು ತುಳಿದವರಿಗೆ ಹೇಳಿದರೆ ಅದು ಕ್ಷಮೆ. ‘ಹುಡುಗ ಪರವಾಗಿಲ್ಲ’ ಎಂದರೆ ಅರೆಮನಸ್ಸಿನ ಮೆಚ್ಚುಗೆ. ‘ಚಹಾ ಮಾಡ್ಲಾ?’ ಎಂದಾಗ ‘ಪರವಾಗಿಲ್ಲ ಬಿಡಿ’ ಅಂದರೆ ಬೇಡ. ದೈಜೋಬುವೂ ಹಾಗೇ. ಬಿದ್ದ ಮಗುವಿಗೆ ಅದು ಸಮಾಧಾನ. ‘ನಾಳೆ ಹತ್ತಕ್ಕೆ ದೈಜೋಬು?’ ಎಂದರೆ ಆಗುತ್ತದೆಯೇ ಎಂಬ ಪ್ರಶ್ನೆ. ಅಲ್ಲಿ 2020ರ ಜುಲೈಯಿಂದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು. ಚೀಲ ಬೇಕೇ ಎಂದು ಕೇಳಿದಾಗ ‘ದೈಜೋಬು ದೆಸ್’ ಎಂದರೆ ಬೇಡ ಎಂದೇ ಅರ್ಥ. ಎದೆಯ ಮುಂದೆ ಅಂಗೈ ಆಡಿಸಿದರಂತೂ ಸಂಶಯವೇ ಇಲ್ಲ.

ಈ ಪದಕ್ಕೂ ನಮಗೂ ಹಳೆಯ ನಂಟಿದೆ. ಸಂಸ್ಕೃತದ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ‘ಮಹಾಪುರುಷ’ನಿಗೆ ಬಳಸಿದ್ದು ದೈಜೋಬು ಬರೆಯುವ ಮೂರು ಚೀನೀ ಅಕ್ಷರಗಳನ್ನೇ. ಧೀರ ಪುರುಷನೆಂಬ ಅರ್ಥದಿಂದ ಗಟ್ಟಿ, ಗಟ್ಟಿಯಿಂದ ಚಿಂತೆಯಿಲ್ಲ ಎಂಬಲ್ಲಿಗೆ ಪದ ನಡೆದು ಬಂದಿದೆ. ನನಗೆ ಇದು ಬಹಳ ಇಷ್ಟ.

ನಾನು ಹೇಳಬೇಕೆಂದಿರುವುದು ಮಾತ್ರ ಬೇರೆ. ನನ್ನ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಾಗ ‘ನೋವಿದೆಯಾ ಅಮ್ಮ, ಪರವಾಗಿಲ್ಲ ತಾನೇ?’ ಎಂದೆ. ‘ಪರವಾಗಿಲ್ಲ’ ಎಂದಳು. ಎರಡು ದಿನ ಹಾಗೇ ಅಂದಳು. ಸೊಂಟದ ಮೂಳೆ ಮುರಿದಿತ್ತು. ಉತ್ತರವನ್ನು ನಾನೇ ಅವಳ ಬಾಯಿಗೆ ಇಟ್ಟಿದ್ದೆ.

ನೀನು ನೋಡಿಕೊಳ್ಳುವ ಅಜ್ಜಿಯರೂ ಪರರಿಗೆ ತೊಂದರೆ ಕೊಡಬಾರದೆಂದು ಬೆಳೆದವರು. ‘ದೈಜೋಬು ದೆಸ್ ಕಾ?’ ಎಂದು ಕೇಳಿದರೆ ‘ದೈಜೋಬು’ ಎಂದೇ ಉತ್ತರ ಬರುತ್ತದೆ. ಅದರ ಬದಲು ‘ದೋಕೋ ಗಾ ಇತಾಯ್ ದೆಸ್ ಕಾ?’ ಎಂದು ಕೇಳು, ಎಲ್ಲಿ ನೋಯುತ್ತಿದೆ ಎಂದು. ಅವರ ಕೈ ತಾನಾಗಿಯೇ ಆ ಜಾಗಕ್ಕೆ ಹೋಗುತ್ತದೆ. ಕೈಯನ್ನು ನೋಡುತ್ತಿರು, ತುಟಿಯನ್ನಲ್ಲ.

ನಿನಗಲ್ಲಿ ರಾತ್ರಿ ಹತ್ತಾದಾಗ ನಮಗಿಲ್ಲಿ ಸಂಜೆ ಆರೂವರೆ. ನಿನ್ನ ಅಮ್ಮನಿಗೆ ಆಗ ಫೋನ್ ಮಾಡು. ‘ಹೇಗಿದ್ದೀ?’ ಎಂದರೆ ಪರವಾಗಿಲ್ಲ ಎನ್ನಬೇಡ. ಏನು ಉಂಡೆ, ಎಷ್ಟು ಗಂಟೆ ಮಲಗಿದೆ, ಯಾರು ಗದರಿದರು, ಅದನ್ನು ಹೇಳು.