ಕೆರೆಯುವ ಕುದುರೆ, ಬೈಸಿಕೊಳ್ಳುವ ಹುರುಳಿ

ಪ್ರಶ್ನೆ: ದಸರಾ ಮುಗಿದ ಮೇಲೆ ನನ್ನ ಟಾಂಗಾ ಕುದುರೆ ಕಾಲು ಒದರುವುದು, ನೆಲಕ್ಕೆ ಬಡಿಯುವುದು, ಮೂತಿಯನ್ನು ಗೂಟಕ್ಕೆ ಉಜ್ಜುವುದು ಶುರುಮಾಡಿದೆ. ಗೊರಸಿನ ಮೇಲುಗಡೆ ಕೂದಲಲ್ಲಿ ಕಿತ್ತಳೆ ಬಣ್ಣದ ಪುಡಿಯಂಥದ್ದು ಕಾಣುತ್ತದೆ. ಮೈಯಲ್ಲಿ ಉಷ್ಣ ಹೆಚ್ಚಿದೆ ಎಂದು ಹಿರಿಯರು ಹೇಳಿದ್ದರಿಂದ ಹುರುಳಿ ನಿಲ್ಲಿಸಿ ಮಜ್ಜಿಗೆ ಕುಡಿಸುತ್ತಿದ್ದೇವೆ. ಹೋದ ವರ್ಷವೂ ಹೀಗೇ ಆಗಿತ್ತು.
– ಟಾಂಗಾ ಮಾಲೀಕರು, ಶ್ರೀರಂಗಪಟ್ಟಣ

ಉತ್ತರ: ಗಾಬರಿ ಬೇಡ, ಇದು ಪ್ರಾಣಕ್ಕೆ ಬರುವಂಥದ್ದಲ್ಲ. ಆದರೆ ಮೊದಲು ಹುರುಳಿ ಕೊಡಿ. ದಿನವಿಡೀ ಗಾಡಿ ಎಳೆಯುವ ಪ್ರಾಣಿಯ ಹೊಟ್ಟೆಗೆ ಕತ್ತರಿ ಹಾಕಿ ಚರ್ಮ ವಾಸಿಮಾಡುವ ಈ ವೈದ್ಯ ನನಗೆ ಎಂದೂ ಅರ್ಥವಾಗಿಲ್ಲ. ನೀವೇ ಯೋಚಿಸಿ: ಹುರುಳಿ ತಿನ್ನುವುದು ವರ್ಷಪೂರ್ತಿ, ತುರಿಕೆ ಬರುವುದು ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಮಾತ್ರ. ಉಷ್ಣವೇ ಕಾರಣವಾಗಿದ್ದರೆ ಏಪ್ರಿಲ್‌ನಲ್ಲಿ ಬರಬೇಕಿತ್ತು! ಅದೂ ಬೆನ್ನು, ಹೊಟ್ಟೆ ಬಿಟ್ಟು ಕಾಲಿನ ಕೆಳಭಾಗಕ್ಕೂ ಮೂತಿಗೂ ಮಾತ್ರ ಯಾಕೆ ಬರಬೇಕು? ಮೇಯುವಾಗ ಹುಲ್ಲಿಗೆ ತಾಗುವುದು ಅವೆರಡೇ ಜಾಗ. ಮೇವಿನಿಂದ ಅಲರ್ಜಿ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಪರೂಪಕ್ಕೆ ಆಗುತ್ತದೆ, ಆದರೆ ಅದು ಹೀಗೆ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ನಿಲ್ಲಿಸಿದ ಹುರುಳಿಯನ್ನು ಒಂದೇ ದಿನ ಪೂರ್ತಿ ಕೊಡಬೇಡಿ, ವಾರವಿಡೀ ಸ್ವಲ್ಪಸ್ವಲ್ಪವೇ ಏರಿಸಿ. ಮಜ್ಜಿಗೆ ನೀವು ಕುಡಿಯಿರಿ.

ನೀವು ಕಂಡ ಕಿತ್ತಳೆ ಪುಡಿ ಬಹುಶಃ ಹುಲ್ಲಿನ ನುಸಿಯ ಮರಿಗಳು. ದೊಡ್ಡ ನುಸಿ ಮಣ್ಣಿನಲ್ಲಿರುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಕಚ್ಚುವುದು ಆರು ಕಾಲಿನ ಮರಿ ಮಾತ್ರ. ಅದು ರಕ್ತ ಹೀರುವುದಿಲ್ಲ. ಜೊಲ್ಲು ಬಿಟ್ಟು ಚರ್ಮವನ್ನು ಕರಗಿಸಿ ಆ ರಸ ಕುಡಿಯುತ್ತದೆ. ಕೆಲವು ದಿನ ಕಚ್ಚಿಕೊಂಡಿದ್ದು ತಾನಾಗಿಯೇ ಉದುರುತ್ತದೆ, ನವೆ ಮಾತ್ರ ಅದು ಉದುರಿದ ಮೇಲೂ ಉಳಿಯುತ್ತದೆ. ಆದ್ದರಿಂದ ಔಷಧಿಗಿಂತ ಜಾಗ ಬದಲಿಸುವುದು ಮುಖ್ಯ. ಎತ್ತರದ ಹುಲ್ಲು, ಪೊದೆಯ ಅಂಚಿಗೆ ಕೆಲವು ವಾರ ಬಿಡಬೇಡಿ, ಲಾಯದಲ್ಲೇ ಮೇವು ಹಾಕಿ. ಕಾಲಿನ ಉದ್ದ ಕೂದಲು ಕತ್ತರಿಸಿ, ತಣ್ಣೀರಿನಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ. ಒದ್ದೆ ಬಿಟ್ಟರೆ ಗೊರಸಿನ ಹಿಂದೆ ಬಿರುಕು ಬಿಟ್ಟು ಕೀವಾಗುತ್ತದೆ. ಬೇವಿನೆಣ್ಣೆಯನ್ನು ತೆಳುವಾಗಿ ಸವರಲು ನನ್ನ ಅಡ್ಡಿಯಿಲ್ಲ.

ಇಷ್ಟಾದರೂ ಒಮ್ಮೆ ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಕಾಲಿನ ಕಜ್ಜಿ ತರುವ ಇನ್ನೊಂದು ನುಸಿಯೂ ಚಳಿಗಾಲದಲ್ಲೇ ಹೆಚ್ಚುತ್ತದೆ, ಅದು ತಗುಲಿದ ಕುದುರೆಯೂ ಹೀಗೇ ಕಾಲು ಬಡಿಯುತ್ತದೆ. ಆ ನುಸಿ ತಾನಾಗಿ ಉದುರುವುದಿಲ್ಲ, ಪಕ್ಕದ ಕುದುರೆಗೂ ಹಬ್ಬುತ್ತದೆ.

ಪ್ರಶ್ನೆ: ಸಾಹೇಬ್ರ, ಶರ್ಯತ್ತಿನ ಕುದುರಿಗೆ ಕಾಲಾಗ ಭಾಳ ತುರಿಕಿ ಐತಿ. ಎಮ್ಮಿಗೆ ಉಣ್ಣಿ ಔಷಧ ಹೊಡದಿದ್ವಿ, ಚಲೋ ಗುಣಾ ಬಂತು. ಅದನ್ನ ಕುದುರಿಗೂ ಹೊಡೀಬಹುದೇನ್ರಿ? ಇಲ್ಲಂದ್ರ ಐವರ್‌ಮೆಕ್ಟಿನ್ ಇಂಜೆಕ್ಷನ್ ಮಾಡಸೂಣೇನು? ಸುಟ್ಟ ಇಂಜಿನ್ ಆಯಿಲ್ ಹಚ್ರಿ ಅಂತಾನೂ ಹೇಳತಾರ.
– ರೈತರು, ಜಮಖಂಡಿ

ಉತ್ತರ: ಮೂರೂ ಬೇಡ. ಕೇಳಿ ಬರೆದಿರಲ್ಲ, ಅದು ಒಳ್ಳೆಯದಾಯಿತು.

ಬಾಟಲಿಯ ಚೀಟಿ ಓದಿ. ಅಮಿಟ್ರಾಜ್ ಎಂದಿದ್ದರೆ ಆ ಬಾಟಲಿ ಕುದುರೆಯ ಲಾಯದ ಹತ್ತಿರವೂ ಸುಳಿಯಬಾರದು. ದನ, ಎಮ್ಮೆಗಳಿಗೆ ಒಗ್ಗುವ ಈ ಔಷಧ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡಬಹುದು. ಲದ್ದಿ ಒಳಗೇ ಗಟ್ಟಿಯಾಗಿ, ಹೊಟ್ಟೆಶೂಲೆ ಬಂದು ಕುದುರೆ ಸಾಯಬಹುದು. ಕಾಲಿನ ನವೆಗೆ ಕುದುರೆಯನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕ? ಯಾರಾದರೂ ಈಗಾಗಲೇ ಹೊಡೆದಿದ್ದು ಕುದುರೆ ಮೇವು ಬಿಟ್ಟಿದ್ದರೆ, ಲದ್ದಿ ಕಡಿಮೆಯಾಗಿದ್ದರೆ, ಈ ಅಂಕಣ ಬದಿಗಿಟ್ಟು ವೈದ್ಯರಿಗೆ ಫೋನ್ ಮಾಡಿ.

ದನದ ಐವರ್‌ಮೆಕ್ಟಿನ್ ಚುಚ್ಚಿದರೆ ಕುದುರೆಗೆ ಆ ಜಾಗ ಬಾತು, ಕೊಳೆತು, ಜೀವಕ್ಕೆ ಅಪಾಯವಾಗುವ ಸಂಭವವಿದೆ. ಕುದುರೆಗೆ ಅದನ್ನು ಪೇಸ್ಟ್ ರೂಪದಲ್ಲಿ ಬಾಯಿಗೆ ಕೊಡುತ್ತೇವೆ, ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದೂ ಎಲ್ಲ ನುಸಿಗೂ ಸಾಲದು. ಚರ್ಮ ಕೊರೆದು ಒಳಹೊಕ್ಕುವ ನುಸಿಗೆ ಚೆನ್ನಾಗಿ ತಾಗುತ್ತದೆ, ಮೇಲ್ಪದರದ ಹೊಟ್ಟು ತಿಂದು ಬದುಕುವ ಕಾಲಿನ ನುಸಿಗೆ ಅಷ್ಟಾಗಿ ತಾಗುವುದಿಲ್ಲ, ಅದಕ್ಕೆ ಮೇಲಿನಿಂದಲೂ ಔಷಧ ಬೇಕು. ಯಾವ ನುಸಿ ಎಂದು ಕೆರೆಸಿ ನೋಡಿಸದೆ ಹೇಗೆ ಹೇಳಲಿ?

ಇಂಜಿನ್ ಆಯಿಲ್ ಬಗ್ಗೆ ಬರೆದು ಬರೆದು ಕೈ ಸೋತಿದೆ. ಅದರಲ್ಲಿ ಸೀಸದಂಥ ಲೋಹಗಳಿರುತ್ತವೆ, ಚರ್ಮ ಸುಡುತ್ತದೆ, ಕುದುರೆ ಕಾಲು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಅಜ್ಜಂದಿರು ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುತ್ತಿದ್ದರಲ್ಲ, ಅದರಲ್ಲಿ ಅರ್ಥವಿತ್ತು. ಗಂಧಕ ನುಸಿಯನ್ನು ಕೊಲ್ಲುತ್ತದೆ. ಪ್ರಮಾಣವನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ಒಂದು ಎಚ್ಚರಿಕೆ. ಕಾಲಿನ ಒಳಬದಿ ಸಾಲಾಗಿ ಗಂಟೆದ್ದು, ಒಡೆದು ಜಿಗುಟು ಕೀವು ಬರುತ್ತಿದ್ದರೆ, ಮೂಗಿನಿಂದಲೂ ಸೋರುತ್ತಿದ್ದರೆ, ಅದನ್ನು ಕಜ್ಜಿ ಎನ್ನಬೇಡಿ. ಗ್ಲ್ಯಾಂಡರ್ಸ್ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ಇಲಾಖೆಗೆ ತಿಳಿಸುವುದು ಕಾನೂನು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಹೋಗಬೇಕಾಗಬಹುದು, ಹೋಗಲಿ. ಫಲಿತಾಂಶ ಬರುವ ತನಕ ಶರ್ಯತ್ತಿಗೆ ಒಯ್ಯಬೇಡಿ.

ಪ್ರಶ್ನೆ: ಮಗಳ ಸವಾರಿ ಕುದುರೆ ಜೂಲು ಮತ್ತು ಬಾಲದ ಬುಡವನ್ನು ಉಜ್ಜಿ ಉಜ್ಜಿ ಬೋಳು ಮಾಡಿಕೊಂಡಿದೆ. ಇದೂ ನುಸಿಯೇ? ಸ್ಟಿರಾಯ್ಡ್ ಕೊಡಿಸಬಹುದೇ?
– ಓದುಗರು, ದೇವನಹಳ್ಳಿ

ಉತ್ತರ: ಜಾಗ ನೋಡಿದರೆ ನುಸಿಗಿಂತ ನೊರಜಿನ ಕಡಿತದ ಅಲರ್ಜಿ ಅನ್ನಿಸುತ್ತದೆ. ಅವು ಮುಂಜಾವ, ಮುಸ್ಸಂಜೆ ಹೊತ್ತಿಗೆ ಹೆಚ್ಚು ಕಚ್ಚುತ್ತವೆ, ಆಗ ಕುದುರೆಯನ್ನು ಒಳಗಿಡಿ. ನೊರಜಿಗೆ ಗಾಳಿಯಲ್ಲಿ ಹಾರುವ ಶಕ್ತಿಯಿಲ್ಲ, ದೊಡ್ಡ ಫ್ಯಾನ್ ಒಂದೇ ಅರ್ಧ ಕೆಲಸ ಮಾಡುತ್ತದೆ. ಒದ್ದೆ ಲದ್ದಿ, ಕೆಸರು ತೆಗೆಸಿ. ಸ್ಟಿರಾಯ್ಡ್ ನವೆಯನ್ನು ಬೇಗ ಇಳಿಸುತ್ತದೆ, ನಿಜ. ಆದರೆ ಕೆಲವು ಕುದುರೆಗಳಲ್ಲಿ ಗೊರಸಿನೊಳಗೆ ಉರಿಯೂತ ತಂದು ಕುಂಟು ಮಾಡಬಹುದು. ಪರೀಕ್ಷೆ ಮಾಡಿದ ವೈದ್ಯರು ಬರೆದರೆ ಮಾತ್ರ ಕೊಡಿ, ಅಂಗಡಿಯವರು ಕೊಟ್ಟರೆ ಬೇಡ.

ಪ್ರಶ್ನೆ: ಹುಲ್ಲು ಕೊಯ್ದು ತರುವ ನಮ್ಮ ಲಾಯದ ಹುಡುಗನಿಗೆ ಐದು ದಿನದಿಂದ ಜ್ವರ. ಕುದುರೆಯಿಂದ ಬಂತೇ?
– ಮೈಸೂರು

ಉತ್ತರ: ನಾನು ಮನುಷ್ಯರ ಡಾಕ್ಟರಲ್ಲ, ಆದರೂ ಇದನ್ನು ಬಿಡಲಾರೆ. ಕುದುರೆಯನ್ನು ದೂರಬೇಡಿ. ಹುಲ್ಲು, ಪೊದೆಗಳಲ್ಲಿರುವ ಮೊದಲ ಉತ್ತರದಲ್ಲಿ ಹೇಳಿದ ನುಸಿಯ ಬಳಗದ ಮರಿಗಳ ಕಡಿತದಿಂದ ಮನುಷ್ಯರಿಗೆ ಸ್ಕ್ರಬ್ ಟೈಫಸ್ ಬರುತ್ತದೆ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಸುತ್ತ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೇ ನೋಡಿ. ಇಲ್ಲದಿದ್ದರೂ ಕರೆದೊಯ್ಯಿರಿ, ಹುಲ್ಲು ಕೊಯ್ಯುವ ಕೆಲಸ ಎಂದು ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ವಾಸಿಯಾಗುವ ಜ್ವರ, ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಹೋಗುತ್ತದೆ. ಇನ್ನು ಮುಂದೆ ಹುಡುಗನಿಗೆ ಉದ್ದ ತೋಳಿನ ಅಂಗಿ, ಬೂಟು ಕೊಡಿಸಿ. ಕೆಲಸ ಮುಗಿಸಿ ಸ್ನಾನ ಮಾಡಿ ಬಟ್ಟೆ ಬದಲಿಸಲಿ.

ಪತ್ರ ಬರೆಯುವವರಲ್ಲಿ ವಿನಂತಿ: ಕುದುರೆಯ ವಯಸ್ಸು, ಅಂದಾಜು ತೂಕ, ತುರಿಕೆ ಶುರುವಾದ ತಿಂಗಳು ಬರೆಯಿರಿ. ಈವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ, ಬೈದರೂ ಹೆಸರು ಹಾಕುವುದಿಲ್ಲ.