ಹೊಸ ನೌಕರನ ಮಾತಿಗೆ ತೂಕ ಬರುವ ಬಗೆ

‘ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ’ ಎಂಬ ಗಾದೆ ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರಾದರೂ ಒಂದು ಲೋಪವನ್ನು ಎತ್ತಿ ತೋರಿಸಿದರೆ ಹಳಬರು ಈ ಗಾದೆಯನ್ನು ನೆನೆದು ನಕ್ಕುಬಿಡುತ್ತಾರೆ. ಹೊಸಬನು ಎರಡು ಮೂರು ಬಾರಿ ಹೇಳಿ ನೋಡಿ, ಬಳಿಕ ಸುಮ್ಮನಾಗುತ್ತಾನೆ. ಇದರ ನಷ್ಟ ಕೊನೆಗೆ ಬೀಳುವುದು ಮಾಲೀಕರ ತಲೆಯ ಮೇಲೆಯೇ. ಹತ್ತು ಇಪ್ಪತ್ತು ಜನ ದುಡಿಯುವ ಸಣ್ಣ ಸಂಸ್ಥೆಯಲ್ಲಿ ದೋಷಗಳನ್ನು ಹುಡುಕಲೆಂದೇ ಪ್ರತ್ಯೇಕ ಸಿಬ್ಬಂದಿ ಇರುವುದಿಲ್ಲ. ರೂಢಿಗೆ ಒಗ್ಗಿದ ಕಣ್ಣಿಗೆ ಕಾಣದ ಲೋಪ ಹೊಸ ಕಣ್ಣಿಗೆ ಕಾಣುವುದು ಸಹಜ. ಆದುದರಿಂದ ಅಧಿಕಾರವಿಲ್ಲದ ಹೊಸ ನೌಕರನ ಮಾತಿಗೆ ಮನ್ನಣೆ ದೊರೆಯುವುದು ಹೇಗೆ, ಅದಕ್ಕೆ ಮಾಲೀಕರು ಮಾಡಬೇಕಾದುದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಲೆಕ್ಕಪತ್ರ ವಿಭಾಗದ ಒಂದು ಉದಾಹರಣೆ

ವ್ಯಾಪಾರ ಸಂಸ್ಥೆಯೊಂದಕ್ಕೆ ಲೆಕ್ಕ ಸಹಾಯಕಿಯಾಗಿ ಯುವತಿಯೊಬ್ಬಳು ಹೊಸದಾಗಿ ಸೇರಿದ್ದಾಳೆಂದು ಭಾವಿಸೋಣ. ಜಿಎಸ್‌ಟಿ ವ್ಯವಸ್ಥೆಯಲ್ಲಿ ಮಾಸಿಕ ವಿವರಪಟ್ಟಿ ಸಲ್ಲಿಸುವ ಸರಬರಾಜುದಾರರು ತಮ್ಮ ಮಾರಾಟದ ಬಿಲ್ಲುಗಳನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ನಮೂದಿಸಬೇಕು. 14ರಂದು ಖರೀದಿದಾರರ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. 2022ರ ಜನವರಿಯಿಂದ, ಸರಬರಾಜುದಾರನು ನಮೂದಿಸಿ 2ಬಿಯಲ್ಲಿ ಕಾಣಿಸಿದ ಬಿಲ್ಲುಗಳಿಗೆ ಮಾತ್ರ ಇನ್‌ಪುಟ್ ಕ್ರೆಡಿಟ್ ದೊರೆಯುತ್ತದೆ. ಶೇಕಡಾ 18ರ ದರದ 1 ಲಕ್ಷ ರೂಪಾಯಿ ಸರಕಿನ ಒಂದು ಬಿಲ್ಲು ಬಿಟ್ಟುಹೋದರೂ 18,000 ರೂಪಾಯಿಗಳ ಕ್ರೆಡಿಟ್ ಆ ತಿಂಗಳು ಕೈತಪ್ಪುತ್ತದೆ.

ಇಂತಹ ಒಂದು ಬಿಲ್ಲು ಬಿಟ್ಟುಹೋಗಿರುವುದು ಆಕೆಯ ಗಮನಕ್ಕೆ ಬರುತ್ತದೆ. “ಇಲ್ಲಿನ ಪದ್ಧತಿಯೇ ಸರಿಯಿಲ್ಲ ಸರ್” ಎಂದು ನೇರವಾಗಿ ಮಾಲೀಕರ ಬಳಿಗೆ ಹೋದರೆ, ಹದಿನೈದು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಹಿರಿಯರಿಗೆ ಅದು ಅವಮಾನವೆನಿಸುತ್ತದೆ. ಬಿಲ್ಲಿನ ಸಂಖ್ಯೆ, ದಿನಾಂಕ, ತೆರಿಗೆಯ ಮೊತ್ತಗಳನ್ನು ಒಂದು ಚೀಟಿಯಲ್ಲಿ ಬರೆದು, “ಇದೊಂದು 2ಬಿಯಲ್ಲಿ ಬಂದಿಲ್ಲ, ನೀವೊಮ್ಮೆ ನೋಡುತ್ತೀರಾ ಸರ್? ಪಾರ್ಟಿಗೆ ನಾನೇ ಫೋನ್ ಮಾಡಲೇ?” ಎಂದು ಮೊದಲು ಆ ಹಿರಿಯರನ್ನೇ ಕೇಳಿದರೆ ಕೆಲಸವೂ ಆಗುತ್ತದೆ, ವಿರೋಧವೂ ಹುಟ್ಟುವುದಿಲ್ಲ.

ಆಕೆ ಅಷ್ಟಕ್ಕೇ ನಿಲ್ಲದೆ ಮೂರು ತಿಂಗಳ ಕಾಲ ಯಾವ ಸರಬರಾಜುದಾರರು ಪದೇ ಪದೇ ತಡಮಾಡುತ್ತಾರೆಂಬ ಪಟ್ಟಿಯನ್ನು ಇಟ್ಟುಕೊಳ್ಳುತ್ತಾಳೆ. ನಾಲ್ಕನೆಯ ತಿಂಗಳು 11ಕ್ಕೆ ಮೊದಲೇ ಅವರಿಗೆ ಜ್ಞಾಪಿಸುತ್ತಾಳೆ. ಅಂಥವರಿಗೆ ಹಣ ಪಾವತಿ ಮಾಡುವ ಮುನ್ನ ಮಾಲೀಕರು ಆಕೆಯ ಪಟ್ಟಿಯನ್ನು ತರಿಸಿ ನೋಡತೊಡಗುತ್ತಾರೆ. ಆಕೆಯ ಹುದ್ದೆ ಹಿಂದಿನದೇ. ಮಾತಿನ ತೂಕ ಮಾತ್ರ ಹೆಚ್ಚಿದೆ.

ಕಾರ್ಖಾನೆಯಲ್ಲಿಯೂ ಇದೇ ನಿಯಮ

ಪ್ರೆಸ್ ಯಂತ್ರದಲ್ಲಿ ವಾಷರ್ ತಯಾರಿಸುವ ಘಟಕದಲ್ಲಿ ಪಂಚ್ ಮೊಂಡಾದಂತೆ ಬಿಡಿಭಾಗದ ಅಂಚಿನಲ್ಲಿ ಬರ್ ಏಳುತ್ತದೆ. ಗ್ರಾಹಕರು ಮಾಲನ್ನು ಹಿಂದಿರುಗಿಸಿದ ಮೇಲೆ ಎಚ್ಚರಗೊಳ್ಳುವುದು ಸಾಮಾನ್ಯ ರೂಢಿ. ಎಷ್ಟು ಸಾವಿರ ಬಿಡಿಭಾಗಗಳಾದ ಮೇಲೆ ಬರ್ ಕಾಣಿಸಿಕೊಂಡಿತು, ಪಂಚನ್ನು ಯಾವಾಗ ಸಾಣೆ ಹಿಡಿಯಲಾಯಿತು ಎಂಬುದನ್ನು ಹೊಸ ಸಹಾಯಕನೊಬ್ಬ ಪ್ರತಿದಿನ ನೋಟ್‌ಬುಕ್ಕಿನಲ್ಲಿ ಗುರುತಿಸಿಟ್ಟರೆ, ಕೆಲವೇ ತಿಂಗಳಲ್ಲಿ ಫೋರ್‌ಮನ್ ಆ ಪುಸ್ತಕವನ್ನು ಕೇಳಿ ಪಡೆಯುವಂತಾಗುತ್ತದೆ. ಸಾಣೆಯ ಸಮಯ ಊಹೆಯಿಂದ ಲೆಕ್ಕಕ್ಕೆ ಬರುತ್ತದೆ.

ಈ ಎರಡು ಉದಾಹರಣೆಗಳಿಂದ ಹೊಸ ನೌಕರರು ಗಮನಿಸಬೇಕಾದ ಅಂಶಗಳಿವು:

1. ಮೊದಲು ತನಗೆ ವಹಿಸಿದ ಕೆಲಸವನ್ನು ತಪ್ಪಿಲ್ಲದೆ, ಹೇಳಿದ ಹೊತ್ತಿಗೆ ಮುಗಿಸಬೇಕು.
2. ಅಭಿಪ್ರಾಯಕ್ಕಿಂತ ಮೊದಲು ಅಂಕಿ ಅಂಶಗಳನ್ನು ಮುಂದಿಡಬೇಕು.
3. ದೋಷದ ಜೊತೆಗೆ ಪರಿಹಾರದ ಒಂದು ಹೆಜ್ಜೆಯನ್ನೂ ಸೂಚಿಸಿ, ಅದನ್ನು ತಾನೇ ಹೊರಲು ಸಿದ್ಧನಿರಬೇಕು.
4. ಹಿರಿಯರನ್ನು ದಾಟಿ ಹೋಗಬಾರದು. ಆದರೆ ಪ್ರಾಣಾಪಾಯ ಅಥವಾ ವಂಚನೆಯ ವಿಷಯವಾದರೆ ಮಾಲೀಕರಿಗೆ ಕೂಡಲೇ ತಿಳಿಸಬೇಕು.
5. ತನ್ನಿಂದ ತಪ್ಪಾದಾಗ ಮುಚ್ಚಿಡದೆ ಮೊದಲು ತಾನೇ ಹೇಳಬೇಕು. ಹೀಗೆ ಹೇಳಿದವನ ಮುಂದಿನ ಮಾತನ್ನು ಜನ ನಂಬುತ್ತಾರೆ.

ಮಾಲೀಕರ ಹೊಣೆ

ಜಪಾನಿನ ಟೊಯೋಟಾ ಸಂಸ್ಥೆಯು ಕಾರ್ಮಿಕರಿಂದ ಸಲಹೆಗಳನ್ನು ಪಡೆಯುವ ಪದ್ಧತಿಯನ್ನು 1951ರಲ್ಲಿಯೇ ಆರಂಭಿಸಿತು. ಅದರ ಜೋಡಣಾ ಸಾಲಿನಲ್ಲಿ ದೋಷ ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗವನ್ನೆಳೆದು ಸಂಜ್ಞೆ ನೀಡಬಲ್ಲ. ತಂಡದ ಮುಖ್ಯಸ್ಥ ಕೂಡಲೇ ಅಲ್ಲಿಗೆ ಬರುತ್ತಾನೆ. ನಿಗದಿತ ಸಮಯದಲ್ಲಿ ದೋಷ ಪರಿಹಾರವಾಗದಿದ್ದರೆ ಸಾಲೇ ನಿಲ್ಲುತ್ತದೆ. ಈ ಪದ್ಧತಿಯ ಸತ್ವ ಹಗ್ಗದಲ್ಲಿಲ್ಲ. ಎಳೆದ ಕೂಡಲೇ ಒಬ್ಬರು ಬರುತ್ತಾರೆಂಬ ಭರವಸೆಯಲ್ಲಿದೆ.

ಸಣ್ಣ ಘಟಕಗಳಿಗೆ ಇದಕ್ಕಾಗಿ ಖರ್ಚೇನೂ ಬೇಕಾಗದು. ವಾರಕ್ಕೊಮ್ಮೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ, ತೀರಾ ಕಿರಿಯರಿಂದ ಮಾತು ಆರಂಭಿಸಬೇಕು. ಹಿರಿಯರು ಮೊದಲು ಮಾತನಾಡಿದರೆ ಕಿರಿಯರು ಅವರ ಮಾತಿಗೆ ತಲೆದೂಗಿ ಸುಮ್ಮನಾಗುವ ಸಂಭವವುಂಟು. ಪ್ರತಿ ಸಲಹೆಗೂ ಒಂದು ವಾರದೊಳಗೆ ಉತ್ತರ ಕೊಡಬೇಕು. ಒಪ್ಪಲಾಗದಿದ್ದರೆ ಕಾರಣವನ್ನು ಹೇಳಬೇಕು. ಸಲಹೆ ಫಲಿಸಿದಾಗ, ಕೊಟ್ಟವರ ಹೆಸರನ್ನೂ ಅವರಿಗೆ ಕೆಲಸ ಕಲಿಸಿದ ಹಿರಿಯರ ಹೆಸರನ್ನೂ ಎಲ್ಲರೆದುರು ಹೇಳಬೇಕು. ಹೀಗೆ ಮಾಡಿದರೆ ಹಿರಿಯರು ಹೊಸಬರನ್ನು ಪ್ರತಿಸ್ಪರ್ಧಿಗಳೆಂದು ಭಾವಿಸುವುದಿಲ್ಲ. ದೋಷವನ್ನು ತಿಳಿಸಲು ಬಂದವರನ್ನು ಒಮ್ಮೆ ಗದರಿದರೂ ಸಾಕು, ಮುಂದಿನ ದೋಷ ಗ್ರಾಹಕರಿಂದಲೇ ತಿಳಿಯಬೇಕಾಗುತ್ತದೆ.

ಗೋಣಿಯನ್ನು ಎತ್ತಿ ಎತ್ತಿ ಒಗೆಯುವ ಉತ್ಸಾಹ ಹೊಸತರಲ್ಲಿ ಎಲ್ಲರಿಗೂ ಇರುತ್ತದೆ. ವರ್ಷ ಕಳೆದ ಮೇಲೂ ಅದು ಉಳಿಯಬೇಕಾದರೆ ನೌಕರನಲ್ಲಿ ಶಿಸ್ತು ಇರಬೇಕು, ಮಾಲೀಕನಿಗೆ ಕೇಳುವ ಕಿವಿ ಇರಬೇಕು. ಕಳೆದ ಆರು ತಿಂಗಳಲ್ಲಿ ತಮ್ಮ ಸಂಸ್ಥೆಗೆ ಸೇರಿದವರು ಹೇಳಿದ ಒಂದು ಸಲಹೆಯಾದರೂ ನೆನಪಿಗೆ ಬರುವುದೇ ಎಂದು ವಾಚಕ ಬಂಧುಗಳು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳಿತು. ಬಾರದಿದ್ದಲ್ಲಿ, ಬರುವ ಸೋಮವಾರವೇ ಆ ಹತ್ತು ನಿಮಿಷಗಳನ್ನು ತೆಗೆದಿರಿಸಬಹುದು.