ಅಟ್ಟದ ಮೇಲಿನ ಕುರ್ಚಿ

ಹಳೆಯ ಮನೆಗಳ ಅಟ್ಟದಲ್ಲಿ ಕಾಲು ಸಡಿಲಿದ ತೇಗದ ಕುರ್ಚಿಯೊಂದು ಕಾಣದಿರುವುದು ಅಪರೂಪ. ಅಜ್ಜನ ಕಾಲದಲ್ಲಿ ಜಗಲಿಯ ಮೇಲೆ ಮೆರೆದ ಅದು ಈಗ ಒಲೆಯ ಪಾಲಾಗಲು ಕಾದಿರುತ್ತದೆ. ಮರವೇ ಕೆಟ್ಟಿತೆಂಬುದು ಮನೆಯವರ ಎಣಿಕೆ. ಅನೇಕ ವೇಳೆ ಕೆಟ್ಟಿರುವುದು ಮರವಲ್ಲ, ಕೀಲು.

ಕಡಿದು ಒಣಗಿಸಿದ ಮೇಲೂ ಮರವು ಮಳೆಗಾಲದ ತೇವವನ್ನು ಹೀರಿ ಹಿಗ್ಗುತ್ತದೆ. ಬೇಸಗೆಯಲ್ಲಿ ಅದನ್ನು ಬಿಟ್ಟು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಹಸಿಯ ತೇಗವು ಪೂರ್ತಿ ಒಣಗುವಾಗ ಎಳೆಗೆ ಅಡ್ಡವಾಗಿ ನೂರಕ್ಕೆ 5 ಭಾಗದಷ್ಟು ಕುಗ್ಗಬಲ್ಲುದು. ಎಳೆಯ ಉದ್ದಕ್ಕೆ 1 ಭಾಗದಷ್ಟೂ ಇಲ್ಲ. ಕುರ್ಚಿಯ ಕಾಲಿನಲ್ಲಿ ಎಳೆಗಳು ನಿಂತಿವೆ. ಕಾಲಿನ ತೂತಿನೊಳಗೆ ನಾಲಗೆ ಚಾಚಿದ ಅಡ್ಡಪಟ್ಟಿಯಲ್ಲಿ ಮಲಗಿವೆ. ಒಂದು ಹಿಗ್ಗುವ ದಿಕ್ಕಿನಲ್ಲಿ ಇನ್ನೊಂದು ಹಿಗ್ಗದು. ವರ್ಷ ವರ್ಷವೂ ನಡೆಯುವ ಈ ಜಗ್ಗಾಟದಲ್ಲಿ ನಡುವಿನ ಅಂಟು ಬಿರಿಯುತ್ತದೆ.

ಆಗ ಮನೆಯ ಯಜಮಾನರು ಸುತ್ತಿಗೆ ಹಿಡಿದು ಎರಡು ಮೊಳೆ ಜಡಿಯುತ್ತಾರೆ. ಕುರ್ಚಿಗೆ ಇದಕ್ಕಿಂತ ದೊಡ್ಡ ಅಪಕಾರವಿಲ್ಲ. ಮೊಳೆಯು ಪಟ್ಟಿಯ ತುದಿಯನ್ನು ಸೀಳುತ್ತದೆ. ತೇವ ತಗಲಿದಾಗ ಅದರ ಕಬ್ಬಿಣವು ಮರದ ಒಗರಿನೊಡನೆ ಕೂಡಿ ಕರಿಯ ಕಲೆಯಾಗಿ ಹರಡುತ್ತದೆ. ಕೀಲನ್ನು ಮೆಲ್ಲನೆ ಬಿಡಿಸಿ, ಹಳೆಯ ಅಂಟನ್ನು ಹೆರೆದು ತೆಗೆಯುವುದೇ ಸರಿಯಾದ ದಾರಿ. ಹಳೆಯ ಅಂಟಿನ ಮೇಲೆ ಹೊಸದು ಹಿಡಿಯದು. ಬಳಿಕ ಹೊಸ ಅಂಟು ಸವರಿ ಕೂಡಿಸಿ, ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿದು, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಮಕ್ಕಳಿರುವ ಮನೆಯಲ್ಲಿ ಈ ಕೊನೆಯ ಕೆಲಸವೇ ಕಷ್ಟ!

ಇನ್ನು ಮೈಯ ಮಾತು. ಬಿಸಿ ಲೋಟವಿಟ್ಟಲ್ಲಿ ಮೂಡಿದ ಬಿಳಿಯ ಬಳೆ ಸಾಮಾನ್ಯವಾಗಿ ಹೊಳಪಿನ ಪದರದಲ್ಲಿ ಸಿಕ್ಕಿದ ತೇವವಷ್ಟೆ. ಮರಕ್ಕೆ ಅದು ತಾಗಿರುವುದಿಲ್ಲ. ಪೂರ್ತಿ ಮಾಸಿದ ಮೈಯನ್ನು ಮಾತ್ರ ಮರಳುಕಾಗದದಿಂದ, ಮೊದಲು 120ರ, ಆಮೇಲೆ 220ರ ನಯದಲ್ಲಿ, ಎಳೆಯ ಗುಂಟ ಉಜ್ಜಬೇಕು. ಅಡ್ಡ ಉಜ್ಜಿದರೆ ಬಿದ್ದ ಗೀರುಗಳು ಹೊಳಪು ಹಚ್ಚಿದ ಮೇಲೆಯೇ ಎದ್ದು ಕಾಣುತ್ತವೆ.

ಹೊಳಪಿಗೆ ಬೇಕಾದುದು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬಾಳುವ ಸಣ್ಣ ಕೀಟವೊಂದು ಸ್ರವಿಸುವ ವಸ್ತುವಿದು. ಚನ್ನಪಟ್ಟಣದ ಗೊಂಬೆಗಾರರು ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಉಜ್ಜಾಟದ ಬಿಸಿಯಿಂದಲೇ ಕರಗಿಸಿ ಬಳಿಯುತ್ತಾರೆ. ಕುರ್ಚಿಗಾದರೋ ಸಂಸ್ಕರಿಸಿದ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೆಳ್ಳಗೆ ಸವರುವುದು ರೂಢಿ. ಸ್ಪಿರಿಟ್ಟು ಬೇಗ ಬೆಂಕಿ ಹಿಡಿಯುವುದರಿಂದ ಈ ಕೆಲಸ ಒಲೆಯಿಂದ ದೂರ, ಗಾಳಿಯಾಡುವೆಡೆಯಲ್ಲಿ ನಡೆಯಬೇಕು. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಐದಾರು ಪದರಗಳು ಲೇಸು. ಅನುಭವವುಳ್ಳ ಬಡಗಿಯು ಹಲಗೆಯ ಅಡಿಭಾಗವನ್ನೂ ಮರೆಯುವುದಿಲ್ಲ. ಅದನ್ನು ಯಾರೂ ನೋಡಲಾರರು, ನಿಜ. ಆದರೆ ಮಳೆಗಾಲದ ತೇವಕ್ಕೆ ಮೇಲು ಕೆಳಗೆಂಬ ಭೇದವಿಲ್ಲ.